ನಡುವಿನದು ಯಾಕೆ ಉಳಿಯಲಿಲ್ಲ? ಪೊಟ್ಯಾಸಿಯಂ-40 ಪಾಠದ ಒಂದು ಪ್ರಕರಣ

ಹಿನ್ನೆಲೆ

ಇದು ಒಂದು ಪಿಯು ಕಾಲೇಜಿನ ಭೌತಶಾಸ್ತ್ರ ತರಗತಿಯಲ್ಲಿ ನಡೆದದ್ದು. ಊರು, ಕಾಲೇಜು, ವರ್ಷ ಯಾವುದನ್ನೂ ಹೇಳುವುದಿಲ್ಲ. ಮಕ್ಕಳ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಆದರೆ ಬಂದ ಪ್ರಶ್ನೆ, ನಾನು ಕೊಟ್ಟ ಅರೆಬರೆ ಉತ್ತರ, ಆಮೇಲೆ ಸಿಕ್ಕ ದಾರಿ ಹಾಗೇ ಇವೆ. ನ್ಯೂಕ್ಲಿಯಸ್ ಪಾಠ ಮಾಡುವ ಬೇರೆಯವರಿಗೂ ಇದೇ ಪ್ರಶ್ನೆ ಎದುರಾಗಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ನ್ಯೂಕ್ಲಿಯಸ್ ಪಾಠ ದ್ವಿತೀಯ ಪಿಯುಸಿಯಲ್ಲಿ ವರ್ಷದ ಕೊನೆಗೆ ಬರುತ್ತದೆ. ಪರೀಕ್ಷೆ ಹತ್ತಿರ, ಸಮಯ ಕಡಿಮೆ. ನಾನು ತುಂಬಾ ವರ್ಷ ಒಂದೇ ರೀತಿ ಹೇಳಿಕೊಂಡು ಬಂದಿದ್ದೆ. ಪ್ರೋಟಾನ್‌ಗಳೆಲ್ಲ ಧನ ವಿದ್ಯುದಂಶದವು, ಒಂದನ್ನೊಂದು ದೂರ ತಳ್ಳುತ್ತವೆ. ನ್ಯೂಟ್ರಾನ್‌ಗೆ ವಿದ್ಯುದಂಶ ಇಲ್ಲ. ಅದು ನಡುವೆ ಸೇರಿಕೊಂಡು ಗೋಂದಿನ ಹಾಗೆ ಎಲ್ಲವನ್ನೂ ಅಂಟಿಸುತ್ತದೆ. ಹಗುರ ನ್ಯೂಕ್ಲಿಯಸ್‌ಗೆ ಪ್ರೋಟಾನಿನಷ್ಟೇ ನ್ಯೂಟ್ರಾನ್ ಸಾಕು. ಭಾರದ್ದಕ್ಕೆ ಜಾಸ್ತಿ ಗೋಂದು ಬೇಕು: ಸೀಸ-208ರಲ್ಲಿ 82 ಪ್ರೋಟಾನ್, 126 ನ್ಯೂಟ್ರಾನ್. ಈ ಲೆಕ್ಕದಿಂದ ಆಚೀಚೆ ಹೋದರೆ ನ್ಯೂಕ್ಲಿಯಸ್ ಅಸ್ಥಿರ. ಇಷ್ಟು ಹೇಳಿ ಮುಂದೆ ಹೋಗುತ್ತಿದ್ದೆ. ಪರೀಕ್ಷೆಯ ಪ್ರಶ್ನೆಗಳಿಗೆ ಇದು ಸಾಕಾಗುತ್ತಿತ್ತು.

ಸಮಸ್ಯೆ ಎದ್ದದ್ದು

ಬಾಳೆಹಣ್ಣಿನಲ್ಲಿ ವಿಕಿರಣ ಇದೆ ಅಂತ ಒಬ್ಬ ಹುಡುಗಿ ಎಲ್ಲೋ ಓದಿಕೊಂಡು ಬಂದಿದ್ದಳು. ಹೆದರಿಕೊಂಡು ಕೇಳಿದ್ದಲ್ಲ, ನಿಜವಾದ ಕುತೂಹಲದಿಂದ ಕೇಳಿದಳು. ನಾನು ಹೌದು ಅಂದೆ. ಪ್ರಕೃತಿಯಲ್ಲಿ ಸಿಗುವ ಪೊಟ್ಯಾಸಿಯಂನಲ್ಲಿ ಶೇ. 0.0117ರಷ್ಟು ಪೊಟ್ಯಾಸಿಯಂ-40 ಇರುತ್ತದೆ, ಅದರ ಅರ್ಧಾಯು, ಅಂದರೆ ಇರುವುದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 125 ಕೋಟಿ ವರ್ಷ. ಬಾಳೆಹಣ್ಣು ತಿಂದರೂ ತಿನ್ನದಿದ್ದರೂ ನಮ್ಮ ದೇಹದಲ್ಲಿ ಪೊಟ್ಯಾಸಿಯಂ ಇದ್ದೇ ಇರುತ್ತದೆ. 70 ಕಿಲೋ ತೂಕದ ಒಬ್ಬರ ಮೈಯಲ್ಲಿ ಸುಮಾರು 140 ಗ್ರಾಂ. ಅದರಿಂದ ಸೆಕೆಂಡಿಗೆ 4,000ಕ್ಕೂ ಹೆಚ್ಚು ನ್ಯೂಕ್ಲಿಯಸ್‌ಗಳು ಕ್ಷಯಿಸುತ್ತಿರುತ್ತವೆ. ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ, ಹಾಗಾಗಿ ಹಣ್ಣು ತಿಂದದ್ದರಿಂದ ಈ ಲೆಕ್ಕ ಏರುತ್ತಾ ಹೋಗುವುದಿಲ್ಲ. ಹೆದರುವಂಥದ್ದೇನೂ ಇಲ್ಲ ಅಂದೆ.

ಅವಳು ಕೂರಲಿಲ್ಲ. ನೋಟ್ ಪುಸ್ತಕದಲ್ಲಿ ಮೂರು ಸಾಲು ಬರೆದಿದ್ದಳು.

ಆರ್ಗಾನ್-40: ಪ್ರೋಟಾನ್ 18, ನ್ಯೂಟ್ರಾನ್ 22.
ಪೊಟ್ಯಾಸಿಯಂ-40: ಪ್ರೋಟಾನ್ 19, ನ್ಯೂಟ್ರಾನ್ 21.
ಕ್ಯಾಲ್ಸಿಯಂ-40: ಪ್ರೋಟಾನ್ 20, ನ್ಯೂಟ್ರಾನ್ 20.

"ಮೇಡಂ, ಮೇಲಿನದು ಸ್ಥಿರ, ಕೆಳಗಿನದೂ ಸ್ಥಿರ. ನ್ಯೂಟ್ರಾನ್ ಲೆಕ್ಕ ನೋಡಿದ್ರೆ ನಡುವಿನದು ಸರಿಯಾಗಿ ಮಧ್ಯದಲ್ಲೇ ಇದೆ. ಅದ್ಯಾಕೆ ಉಳಿಯಲ್ಲ? ಅದೂ ಎರಡೂ ಕಡೆಗೆ ಹೋಗುತ್ತಂತೆ!"

ಅವಳು ಹೇಳಿದ್ದು ಸರಿ. ಪೊಟ್ಯಾಸಿಯಂ-40ರಲ್ಲಿ ನೂರಕ್ಕೆ ಸುಮಾರು 89 ಪಾಲು ಬೀಟಾ ಕ್ಷಯದಿಂದ ಕ್ಯಾಲ್ಸಿಯಂ ಆಗುತ್ತದೆ. ಉಳಿದ 11ರಷ್ಟು ತನ್ನದೇ ಒಂದು ಎಲೆಕ್ಟ್ರಾನ್ ಅನ್ನು ಒಳಗೆ ಸೆಳೆದುಕೊಂಡು ಆರ್ಗಾನ್ ಆಗುತ್ತದೆ. ಒಂದರಲ್ಲಿ ನ್ಯೂಟ್ರಾನ್ ಪ್ರೋಟಾನ್ ಆಗಬೇಕು, ಇನ್ನೊಂದರಲ್ಲಿ ಪ್ರೋಟಾನ್ ನ್ಯೂಟ್ರಾನ್ ಆಗಬೇಕು. ಗೋಂದಿನ ಮಾತಿನಲ್ಲಿ ಹೇಳುವುದಾದರೆ ಒಂದೇ ನ್ಯೂಕ್ಲಿಯಸ್‌ನಲ್ಲಿ ಗೋಂದು ಜಾಸ್ತಿಯೂ ಆಗಿದೆ, ಕಡಿಮೆಯೂ ಆಗಿದೆ. ಇದು ಸಾಧ್ಯವೇ ಇಲ್ಲ.

ಆ ದಿನ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಮ-ಬೆಸದ ನಿಯಮ ಎಂದೋ ಓದಿದ್ದು ನೆನಪಿತ್ತು, ಆದರೆ ಮಕ್ಕಳ ಮುಂದೆ ಬಿಡಿಸಿ ಹೇಳುವಷ್ಟು ಗಟ್ಟಿ ಇರಲಿಲ್ಲ. "ನಾಳೆ ನೋಡೋಣ" ಅಂದೆ. ಸುಮ್ನೆ ಏನೋ ಹೇಳಿ ಕೂರಿಸದೇ ಇದ್ದದ್ದು ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ.

ಮೊದಲ ಪ್ರಯತ್ನ: ಪ್ರಸಿದ್ಧ ಗ್ರಾಫ್

ಮರುದಿನ ಬಂಧಕ ಶಕ್ತಿಯ, ಅಂದರೆ ನ್ಯೂಕ್ಲಿಯಸ್‌ನ ಕಣಗಳನ್ನು ಬಿಡಿಬಿಡಿ ಮಾಡಲು ಬೇಕಾದ ಶಕ್ತಿಯ, ಗ್ರಾಫ್ ಬಿಡಿಸಿದೆ. ಹೈಡ್ರೋಜನ್ನಿನಿಂದ ಕಡಿದಾಗಿ ಏರಿ, ಕಬ್ಬಿಣ-ನಿಕ್ಕಲ್ ಹತ್ತಿರ ತುದಿ ಮುಟ್ಟಿ, ಯುರೇನಿಯಂವರೆಗೆ ನಿಧಾನವಾಗಿ ಇಳಿಯುವ ಆ ಗೆರೆ. ಪ್ರತಿ ಕಣಕ್ಕೆ ಎಷ್ಟು ಬಂಧಕ ಶಕ್ತಿ ಇದೆಯೋ ಅಷ್ಟು ಗಟ್ಟಿ ಅಂತ ಹೇಳಿ ಮೂರರ ಲೆಕ್ಕವನ್ನೂ ಬರೆದೆ. ಆರ್ಗಾನ್-40ಕ್ಕೆ 8.60, ಪೊಟ್ಯಾಸಿಯಂ-40ಕ್ಕೆ 8.54, ಕ್ಯಾಲ್ಸಿಯಂ-40ಕ್ಕೆ 8.55 ಮೆಗಾ ಎಲೆಕ್ಟ್ರಾನ್ ವೋಲ್ಟ್ (ನ್ಯೂಕ್ಲಿಯಸ್‌ನ ಶಕ್ತಿ ಅಳೆಯುವ ಮಾನ).

ಇದು ಕೆಲಸ ಮಾಡಲಿಲ್ಲ. ಗ್ರಾಫಿನಲ್ಲಿ ಮೂರೂ ಒಂದೇ ಚುಕ್ಕೆಯ ಹಾಗೆ ಕಂಡವು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು ಆಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ: "ಹಾಗಾದ್ರೆ ಕಬ್ಬಿಣ ಒಂದೇ ಸ್ಥಿರ ಅಲ್ವಾ ಮೇಡಂ? ಚಿನ್ನ ಯಾಕೆ ಒಡೆದು ಕಬ್ಬಿಣದ ಕಡೆ ಹೋಗಲ್ಲ?"

ನನ್ನ ಗ್ರಾಫ್ ಹೊಸದೊಂದು ತಪ್ಪು ಕಲ್ಪನೆಯನ್ನೇ ಹುಟ್ಟಿಸಿತ್ತು. ಗಟ್ಟಿತನದ ಅಂಕ ಕೊಟ್ಟು ಸಾಲಾಗಿ ನಿಲ್ಲಿಸಿದರೆ ಮಕ್ಕಳು ಮೊದಲನೆಯವನನ್ನು ಬಿಟ್ಟು ಉಳಿದವರೆಲ್ಲ ನಪಾಸು ಅಂದುಕೊಳ್ಳುತ್ತಾರೆ. ನ್ಯೂಕ್ಲಿಯಸ್ ಹಾಗೆ ಕೆಲಸ ಮಾಡುವುದಿಲ್ಲ. ಬಂಧ ಗಟ್ಟಿಯಾದಷ್ಟೂ ಒಟ್ಟು ಶಕ್ತಿ ತಗ್ಗುತ್ತದೆ, ಹಾಗಾಗಿ ಶಕ್ತಿಯ ಲೆಕ್ಕದಲ್ಲಿ ಚಿನ್ನಕ್ಕಿಂತ ಕಬ್ಬಿಣ ತಗ್ಗಿನಲ್ಲಿರುವುದು ನಿಜ, ಆದರೆ ಅಲ್ಲಿಗೆ ಹೋಗಲು ನಡುವೆ ದೊಡ್ಡ ದಿಬ್ಬ ಹತ್ತಬೇಕು. ಅದಕ್ಕೆ ಚಿನ್ನ ಚಿನ್ನವಾಗಿಯೇ ಉಳಿದಿದೆ. ಆ ಹುಡುಗನ ಪ್ರಶ್ನೆಯಿಂದ ನನಗೇ ಸ್ಪಷ್ಟವಾಯಿತು: ಕೇಳಬೇಕಾದದ್ದು "ಇದು ಎಷ್ಟು ಗಟ್ಟಿ" ಅಂತ ಅಲ್ಲ. "ಇದರ ಪಕ್ಕದಲ್ಲಿ ಇದಕ್ಕಿಂತ ತಗ್ಗಾದ ಜಾಗ ಇದೆಯಾ, ಅಲ್ಲಿಗೆ ದಾರಿ ಇದೆಯಾ" ಅಂತ.

ತಿರುವು: ಐದು ಚುಕ್ಕೆಗಳು

ಆ ರಾತ್ರಿ ಒಂದು ನಿರ್ಧಾರ ಮಾಡಿದೆ. ಹೋಲಿಕೆ ಹೇಳುವುದು ಸಾಕು, ಅಳೆದ ಅಂಕಿಗಳನ್ನೇ ಮಕ್ಕಳ ಕೈಗೆ ಕೊಡೋಣ. ಪರಮಾಣುಗಳ ದ್ರವ್ಯರಾಶಿಯನ್ನು ವಿಜ್ಞಾನಿಗಳು ಆರು ದಶಮಾಂಶಕ್ಕಿಂತಲೂ ನಿಖರವಾಗಿ ಅಳೆದಿಟ್ಟಿದ್ದಾರೆ. ಬೋರ್ಡಿನ ಮೇಲೆ ಪರಮಾಣು ದ್ರವ್ಯರಾಶಿ ಮಾನದಲ್ಲಿ ಮೂರು ಸಂಖ್ಯೆ ಬರೆದೆ.

ಆರ್ಗಾನ್-40: 39.962383
ಪೊಟ್ಯಾಸಿಯಂ-40: 39.963998
ಕ್ಯಾಲ್ಸಿಯಂ-40: 39.962591

ಮೂರರಲ್ಲೂ 40 ಕಣ, ಮೂರೂ ಹೆಚ್ಚೂಕಡಿಮೆ ಒಂದೇ ತೂಕ. ಆದರೆ ಮೂರನೆಯ ದಶಮಾಂಶದಲ್ಲಿ ಕಥೆ ಇದೆ. ಈ ಮಾನದಲ್ಲಿ 1 ಅಂದರೆ 931.5 ಮೆಗಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ವ್ಯತ್ಯಾಸವನ್ನು ಅದರಿಂದ ಗುಣಿಸಿ ಅಂದೆ. ಪೊಟ್ಯಾಸಿಯಂನಿಂದ ಆರ್ಗಾನ್‌ಗೆ 1.50, ಪೊಟ್ಯಾಸಿಯಂನಿಂದ ಕ್ಯಾಲ್ಸಿಯಂಗೆ 1.31 ಬಂತು. ಎಲೆಕ್ಟ್ರಾನ್‌ಗಳ ತೂಕ ಕಳೆಯಬೇಡವಾ ಅಂತ ಒಬ್ಬಳು ಕೇಳಿದಳು. ಇವು ಇಡೀ ಪರಮಾಣುವಿನ ತೂಕ, ಎಲೆಕ್ಟ್ರಾನ್ ಒಳಗೇ ಸೇರಿವೆ, ಈ ಎರಡು ಕ್ಷಯಗಳಿಗೂ ಲೆಕ್ಕ ತಾನಾಗೇ ಸರಿಹೋಗುತ್ತದೆ ಅಂತ ತೋರಿಸಿದೆ.

ಆಮೇಲೆ ಸಾಲಿನ ಎರಡೂ ತುದಿಗೆ ಇನ್ನೊಂದೊಂದು ಸೇರಿಸಿದೆ: ಕ್ಲೋರಿನ್-40 ಮತ್ತು ಸ್ಕ್ಯಾಂಡಿಯಂ-40. ಎಲ್ಲಕ್ಕಿಂತ ಹಗುರವಾದ ಆರ್ಗಾನ್ ಅನ್ನು ಸೊನ್ನೆ ಅಂತ ಇಟ್ಟುಕೊಂಡು ಗ್ರಾಫ್ ಹಾಳೆಯಲ್ಲಿ ಐದು ಚುಕ್ಕೆ ಹಾಕಿಸಿದೆ. ಕ್ಲೋರಿನ್ 7.5, ಆರ್ಗಾನ್ 0, ಪೊಟ್ಯಾಸಿಯಂ 1.5, ಕ್ಯಾಲ್ಸಿಯಂ 0.2, ಸ್ಕ್ಯಾಂಡಿಯಂ 14.5.

ಗೆರೆ ಎಳೆದ ಕೂಡಲೇ ತರಗತಿ ಗಲಗಲ ಅನ್ನತೊಡಗಿತು. ನಯವಾದ ಬಟ್ಟಲು ಬರುತ್ತದೆ ಅಂದುಕೊಂಡಿದ್ದವರಿಗೆ ಹಲ್ಲುಹಲ್ಲಾದ ಗೆರೆ ಬಂದಿತ್ತು. ಬಟ್ಟಲಿನ ತಳದಲ್ಲೇ ಒಂದು ದಿಬ್ಬ. ಅದರ ನೆತ್ತಿಯ ಮೇಲೆ ಪೊಟ್ಯಾಸಿಯಂ-40, ಎರಡೂ ಬದಿಗೆ ಇಳಿಜಾರು. ಪ್ರಶ್ನೆ ಕೇಳಿದ್ದ ಹುಡುಗಿ ತನ್ನ ಹಾಳೆಯನ್ನೇ ನೋಡುತ್ತಾ "ಅದಕ್ಕೇ ಎರಡೂ ಕಡೆ ಹೋಗುತ್ತೆ" ಅಂದಳು, ನನಗೆ ಅಂತಲ್ಲ, ತನಗೇ.

ನಾನು ಏನೂ ವಿವರಿಸಿರಲಿಲ್ಲ. ಅವಳ ಕೈಯಲ್ಲಿದ್ದ ಪೆನ್ಸಿಲ್ಲೇ ಹೇಳಿತ್ತು.

ದಿಬ್ಬ ಎದ್ದದ್ದು ಯಾಕೆ

ಕಂಡದ್ದಕ್ಕೆ ಕಾರಣ ಬೇಕಲ್ಲ. ಕೆಳಗಿರುವ ಎರಡನ್ನು ನೋಡಿ ಅಂದೆ. ಆರ್ಗಾನ್‌ನಲ್ಲಿ 18 ಮತ್ತು 22, ಕ್ಯಾಲ್ಸಿಯಂನಲ್ಲಿ 20 ಮತ್ತು 20. ಎಲ್ಲವೂ ಸಮಸಂಖ್ಯೆ. ಮೇಲಿರುವ ಮೂರರಲ್ಲಿ 17-23, 19-21, 21-19. ಎಲ್ಲವೂ ಬೆಸ.

ನ್ಯೂಕ್ಲಿಯಸ್ ಒಳಗೆ ಪ್ರೋಟಾನ್‌ಗಳಿಗೆ ಒಂದು ಏಣಿ, ನ್ಯೂಟ್ರಾನ್‌ಗಳಿಗೆ ಬೇರೆ ಒಂದು ಏಣಿ ಇದೆ ಅಂದುಕೊಳ್ಳಿ. ಕೆಳಗಿನ ಮೆಟ್ಟಿಲಿಂದ ತುಂಬುತ್ತಾ ಬರಬೇಕು. ಒಂದೇ ಜಾತಿಯ ಎರಡು ಕಣ ಎಲ್ಲ ರೀತಿಯಲ್ಲೂ ಒಂದೇ ಸ್ಥಿತಿಯಲ್ಲಿ ಇರುವಂತಿಲ್ಲ, ಅದು ಪೌಲಿ ನಿಯಮ. ಆದರೆ ಗಿರಕಿಯ (ಸ್ಪಿನ್) ದಿಕ್ಕು ಎದುರುಬದುರಾದರೆ ಇಬ್ಬರು ಜೋಡಿಯಾಗಿ ಕೂರಬಹುದು, ಹಾಗೆ ಕೂತಾಗ ಬಂಧ ಇನ್ನಷ್ಟು ಗಟ್ಟಿಯಾಗುತ್ತದೆ. ಜೋಡಿ ಸಿಗದವನು ಇದ್ದರೆ ಆ ಲಾಭ ತಪ್ಪುತ್ತದೆ. ಪೊಟ್ಯಾಸಿಯಂ-40ರಲ್ಲಿ ಎರಡೂ ಏಣಿಯಲ್ಲಿ ಒಬ್ಬೊಬ್ಬ ಒಂಟಿ.

ಇನ್ನೂ ಒಂದು ಮಾತಿದೆ. 20ನೆಯ ಕಣದ ಮೇಲೆ ಏಣಿಯಲ್ಲಿ ಅಗಲವಾದ ಖಾಲಿ ಜಾಗ ಬರುತ್ತದೆ. 2, 8, 20, 28, 50, 82, 126 ಇವುಗಳಿಗೆ ಮ್ಯಾಜಿಕ್ ಸಂಖ್ಯೆ ಅಂತ ಹೆಸರು. ಇವು ಯಾಕೆ ಬರುತ್ತವೆ ಅನ್ನುವುದನ್ನು 1949ರಲ್ಲಿ ಮರಿಯಾ ಗೆಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್ ಬೇರೆಬೇರೆಯಾಗಿ ವಿವರಿಸಿದರು, 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಪೊಟ್ಯಾಸಿಯಂ-40ರ 21ನೆಯ ನ್ಯೂಟ್ರಾನ್ ಆ ಖಾಲಿ ಜಾಗದ ಮೇಲೆ ಒಬ್ಬನೇ ಕೂತಿದೆ. ಪ್ರೋಟಾನ್ ಏಣಿಯಲ್ಲಿ ಕೆಳಗೆ ಒಂದು ಜಾಗ ಖಾಲಿ. ಆ ನ್ಯೂಟ್ರಾನ್ ಪ್ರೋಟಾನ್ ಆಗಿ ಆಚೆ ಏಣಿಯ ಖಾಲಿ ಜಾಗ ತುಂಬಿದರೆ ಕ್ಯಾಲ್ಸಿಯಂ-40. ಇಲ್ಲವೇ ಒಂಟಿ ಪ್ರೋಟಾನ್ ನ್ಯೂಟ್ರಾನ್ ಆಗಿ ಮೇಲೆ ಕೂತ ಒಂಟಿಗೆ ಜೋಡಿಯಾದರೆ ಆರ್ಗಾನ್-40. ಎರಡರಲ್ಲೂ ಒಂಟಿತನ ಮುಗಿಯುತ್ತದೆ.

ಗೋಂದಿನ ಹೋಲಿಕೆ ಎಲ್ಲಿ ಎಡವಿತು ಅನ್ನುವುದೂ ಇಲ್ಲಿ ತಿಳಿಯಿತು. ಗೋಂದಾದರೆ ಎಷ್ಟು ಹಾಕಿದರೂ ನಷ್ಟ ಇಲ್ಲ. ನ್ಯೂಟ್ರಾನ್ ಹಾಗಲ್ಲ, ಅದಕ್ಕೂ ಕೂರಲು ಜಾಗ ಬೇಕು. ಹೆಚ್ಚು ಸೇರಿಸಿದಷ್ಟೂ ಮೇಲಿನ ಮೆಟ್ಟಿಲಿಗೇ ಹೋಗಬೇಕು. ಅಷ್ಟು ಮೇಲೆ ಕೂರುವುದಕ್ಕಿಂತ ಪ್ರೋಟಾನ್ ಆಗಿ ಆ ಕಡೆ ಇಳಿಯುವುದೇ ಸಲೀಸು ಅನ್ನುವ ಹಂತ ಬರುತ್ತದೆ. ಅದೇ ಬೀಟಾ ಕ್ಷಯ. ಹೊರಗೆ ಒಂಟಿಯಾಗಿ ಬಿಟ್ಟರೆ ನ್ಯೂಟ್ರಾನ್‌ನ ಅರ್ಧಾಯು ಹತ್ತು ನಿಮಿಷದ ಆಸುಪಾಸು ಅಷ್ಟೇ. ಒಳಗಿರುವಾಗ ಅದನ್ನು ಕಾಪಾಡುವುದು ಸುತ್ತಲಿನ ಏರ್ಪಾಡು.

ಮಕ್ಕಳು ಬಿಡಲಿಲ್ಲ

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ಅಂಕಿ ಕೈಗೆ ಸಿಕ್ಕ ಮೇಲೆ ಮಕ್ಕಳು ಕೇಳುವ ರೀತಿಯೇ ಬದಲಾಯಿತು.

ಮೊದಲ ತಕರಾರು ನೈಟ್ರೋಜನ್-14ರದ್ದು. ಅದರಲ್ಲಿ 7 ಮತ್ತು 7, ಎರಡೂ ಬೆಸ. ಆದರೂ ನಾವು ಉಸಿರಾಡುವ ಗಾಳಿಯ ಮುಕ್ಕಾಲು ಪಾಲು ಅದೇ. ನಿಯಮ ಮುರಿಯಿತಲ್ಲ? ಮತ್ತೆ ಕೋಷ್ಟಕ ತೆಗೆದೆವು. ಕಾರ್ಬನ್-14: 14.003242. ನೈಟ್ರೋಜನ್-14: 14.003074. ಆಕ್ಸಿಜನ್-14: 14.008597. ನೈಟ್ರೋಜನ್ನೇ ತಳದಲ್ಲಿದೆ, ಆದರೆ ಕಾರ್ಬನ್‌ಗಿಂತ ಕೇವಲ 0.16 ಮೆಗಾ ಎಲೆಕ್ಟ್ರಾನ್ ವೋಲ್ಟ್ ಕೆಳಗೆ. ಪುಟ್ಟ ನ್ಯೂಕ್ಲಿಯಸ್‌ಗಳಲ್ಲಿ ಪ್ರೋಟಾನ್-ನ್ಯೂಟ್ರಾನ್ ಸಂಖ್ಯೆ ಸಮ ಇರಬೇಕೆನ್ನುವ ಒತ್ತಡ ಜೋರು, ಬಟ್ಟಲು ಕಡಿದು. ಜೋಡಿಯ ದಿಬ್ಬ ಅದರ ಮುಂದೆ ಸ್ವಲ್ಪದರಲ್ಲಿ ಸೋಲುತ್ತದೆ. ಎರಡೂ ಬೆಸವಾಗಿದ್ದು ಉಳಿದಿರುವುದು ಬೆರಳೆಣಿಕೆಯಷ್ಟೇ: ಹೈಡ್ರೋಜನ್-2, ಲಿಥಿಯಂ-6, ಬೋರಾನ್-10, ನೈಟ್ರೋಜನ್-14. ಇವುಗಳ ಜೊತೆ ಟ್ಯಾಂಟಲಮ್-180ರ ಒಂದು ಉದ್ರಿಕ್ತ (ಹೆಚ್ಚು ಶಕ್ತಿಯ) ಸ್ಥಿತಿ. ಸ್ಥಿರ ಅನ್ನಿಸಿಕೊಂಡ ಸುಮಾರು 250 ನ್ಯೂಕ್ಲಿಯಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಮ-ಸಮ.

ಎರಡನೆಯದು ಇನ್ನೂ ಚೂಪಾಗಿತ್ತು. "ಕ್ಯಾಲ್ಸಿಯಂನಲ್ಲಿ 20-20, ಎರಡೂ ಮ್ಯಾಜಿಕ್. ಆದ್ರೂ ಆರ್ಗಾನ್ ಯಾಕೆ ಅದಕ್ಕಿಂತ ಕೆಳಗಿದೆ?" ಇದಕ್ಕೆ ಬೋರ್ಡಿನಲ್ಲೇ ಲೆಕ್ಕ ಹಾಕಿದೆವು. ವಿದ್ಯುತ್ ವಿಕರ್ಷಣೆ ದೂರಕ್ಕೂ ತಲುಪುತ್ತದೆ, ಪ್ರತಿ ಪ್ರೋಟಾನ್ ಉಳಿದ ಎಲ್ಲ ಪ್ರೋಟಾನನ್ನೂ ತಳ್ಳುತ್ತದೆ. 18 ಪ್ರೋಟಾನ್‌ಗಳಲ್ಲಿ 153 ಜೋಡಿ ಜಗಳ, 20ರಲ್ಲಿ 190. ಮ್ಯಾಜಿಕ್‌ನ ಲಾಭವನ್ನು ಈ ಜಗಳ ತಿಂದುಹಾಕುತ್ತದೆ. ಅದೇ ಲೆಕ್ಕವನ್ನು ಸೀಸದವರೆಗೆ ಒಯ್ಯಿರಿ ಅಂದೆ: 82 ಪ್ರೋಟಾನ್‌ಗೆ 3,321 ಜೋಡಿ. ಹಿಡಿದಿಡುವ ಬಲವಾದರೋ ಪಕ್ಕದವರನ್ನು ಮಾತ್ರ ಮುಟ್ಟುತ್ತದೆ. ಭಾರದ ನ್ಯೂಕ್ಲಿಯಸ್‌ಗೆ ನ್ಯೂಟ್ರಾನ್ ಜಾಸ್ತಿ ಯಾಕೆ ಬೇಕು, ಸೀಸದ ಆಚೆಗೆ ಯಾವುದೂ ಯಾಕೆ ಶಾಶ್ವತ ಅಲ್ಲ ಅನ್ನುವುದಕ್ಕೆ ಬೇರೆ ಪಾಠವೇ ಬೇಕಾಗಲಿಲ್ಲ.

ಮೂರನೆಯದನ್ನು ನಾನೇ ಎತ್ತಿದೆ, ಯಾಕೆಂದರೆ ದಿಬ್ಬದ ಚಿತ್ರ ಒಂದು ವಿಷಯವನ್ನು ಮುಚ್ಚಿಡುತ್ತದೆ. ನೆತ್ತಿಯ ಮೇಲಿರುವುದು ಬೇಗ ಉರುಳಬೇಕಲ್ಲ? ಕ್ಲೋರಿನ್-40 ಒಂದೂವರೆ ನಿಮಿಷದೊಳಗೆ ಅರ್ಧ ಆಗುತ್ತದೆ. ಪೊಟ್ಯಾಸಿಯಂ-40ಕ್ಕೆ 125 ಕೋಟಿ ವರ್ಷ ಯಾಕೆ? ಅದರ ಎರಡು ಒಂಟಿ ಕಣಗಳ ಗಿರಕಿ ಸೇರಿ ಒಟ್ಟು 4 ಆಗಿದೆ. ಕ್ಯಾಲ್ಸಿಯಂನ ತಳಸ್ಥಿತಿಯಲ್ಲಿ ಅದು 0. ಆ 4 ಗಿರಕಿಯನ್ನು ಹೊರಗೆ ಹೋಗುವ ಹಗುರ ಎಲೆಕ್ಟ್ರಾನ್ ಮತ್ತು ಅದರ ಜೊತೆ ಹೊರಡುವ ಆಂಟಿನ್ಯೂಟ್ರಿನೋ ಅನ್ನುವ ವಿದ್ಯುದಂಶವಿಲ್ಲದ ಪುಟ್ಟ ಕಣ ಹೊತ್ತೊಯ್ಯಬೇಕು. ಅದು ತುಂಬಾ ಅಪರೂಪಕ್ಕೆ ಕೂಡಿಬರುವ ಕೆಲಸ. ಆರ್ಗಾನ್ ಕಡೆ ಗಿರಕಿ 2 ಇರುವ ಒಂದು ಮೆಟ್ಟಿಲಿದೆ, ಆದರೆ ಅದು 1.46ರಷ್ಟು ಎತ್ತರದಲ್ಲಿದೆ. ಇರುವ 1.50ರಲ್ಲಿ ಉಳಿಯುವ ಶಕ್ತಿ ಅತ್ಯಲ್ಪ. ಹಾಗಾಗಿ ಆ ದಾರಿಯೂ ನಿಧಾನ. ಇಳಿಜಾರು ಇದೆ, ಬಾಗಿಲು ಮಾತ್ರ ಇಕ್ಕಟ್ಟು.

ಈ ಇಕ್ಕಟ್ಟಿನಿಂದಲೇ ಭೂಮಿ ಹುಟ್ಟಿದಾಗಿನ ಪೊಟ್ಯಾಸಿಯಂ-40 ಇವತ್ತಿಗೂ ಉಳಿದಿದೆ. ಗಾಳಿಯಲ್ಲಿ ಶೇ. 0.93ರಷ್ಟು ಆರ್ಗಾನ್ ಇದೆ, ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಒಂದು ಜಡ ಅನಿಲ ಇಷ್ಟೊಂದು ಯಾಕಿದೆ? ಪೊಟ್ಯಾಸಿಯಂ ಕ್ಷಯದಿಂದ ಬಂದಿರಬೇಕು ಅಂತ 1937ರಲ್ಲಿ ಜರ್ಮನ್ ಭೌತವಿಜ್ಞಾನಿ ವೈಟ್ಸ್ಯಾಕರ್ ಸೂಚಿಸಿದರು. 1948ರಲ್ಲಿ ಪೊಟ್ಯಾಸಿಯಂ ಇರುವ ಖನಿಜಗಳ ಒಳಗೇ ಆ ಆರ್ಗಾನ್ ಸಿಕ್ಕಿತು. ಕಲ್ಲಿನ ವಯಸ್ಸು ಅಳೆಯುವ ಒಂದು ದಾರಿ ಅದರಿಂದ ತೆರೆಯಿತು. ಇದನ್ನು ಹೇಳಿದಾಗ ಮಕ್ಕಳು ಕಿಟಕಿ ಕಡೆ ನೋಡಿದರು. ಒಳಗೆ ಬರುತ್ತಿದ್ದ ಗಾಳಿಯಲ್ಲಿ ನೂರರಲ್ಲಿ ಒಂದು ಪಾಲು ಹಳೆಯ ಬಂಡೆಗಳ ಪೊಟ್ಯಾಸಿಯಂ.

ಆಮೇಲೆ ಏನು ಬದಲಿಸಿದೆ

ಈ ಪ್ರಕರಣದಿಂದ ನನ್ನ ಪಾಠದ ಕ್ರಮವೇ ತಿರುಗಿತು. ಗೋಂದು ಅನ್ನುವ ಮಾತನ್ನು ಪೂರ್ತಿ ಬಿಟ್ಟೆ. ಬಂಧಕ ಶಕ್ತಿಯ ದೊಡ್ಡ ಗ್ರಾಫ್ ಬಿಟ್ಟಿಲ್ಲ, ಆದರೆ ಅದನ್ನು ವಿದಳನ (ನ್ಯೂಕ್ಲಿಯಸ್ ಒಡೆಯುವುದು) ಮತ್ತು ಸಮ್ಮಿಲನ (ಕೂಡುವುದು) ಹೇಳುವಾಗ ಮಾತ್ರ ತೆಗೆಯುತ್ತೇನೆ, ಅದರ ಕೆಲಸ ಅಲ್ಲೇ. ಬೀಟಾ ಕ್ಷಯಕ್ಕೆ 40ರ ಐದು ಚುಕ್ಕೆಗಳಿಂದಲೇ ಶುರು. ಇದಕ್ಕೆ ಒಂದು ಪೂರ್ತಿ ಪೀರಿಯಡ್ ಹೋಗುತ್ತದೆ, ಪರೀಕ್ಷೆಗೆ ಇದರಿಂದ ನೇರವಾಗಿ ಒಂದು ಅಂಕವೂ ಬರದೇ ಇರಬಹುದು. ಆದರೂ ಆ ಪೀರಿಯಡ್ ಕೊಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಎಚ್ಚರಿಕೆ. ಏಣಿಯ ಹೋಲಿಕೆಯನ್ನು ಚುಕ್ಕೆ ಹಾಕಿಸುವ ಮೊದಲೇ ಹೇಳಬೇಡಿ. ಒಮ್ಮೆ ಸಮಯ ಉಳಿಸಲು ಹಾಗೆ ಮಾಡಿದೆ. ಮಕ್ಕಳು "ಬೆಸ ಅಂದ್ರೆ ಅಸ್ಥಿರ" ಅಂತ ಇನ್ನೊಂದು ನಿಯಮ ಬಾಯಿಪಾಠ ಮಾಡಿದರು, ನೈಟ್ರೋಜನ್ ಬಂದಾಗ ಮತ್ತೆ ತಬ್ಬಿಬ್ಬಾದರು.

"ಸ್ಥಿರ" ಅನ್ನುವ ಪದವನ್ನೂ ಈಗ ಎಚ್ಚರದಿಂದ ಬಳಸುತ್ತೇನೆ. ಗ್ರಾಫ್ ಹಾಳೆಯಲ್ಲಿ ಕ್ಯಾಲ್ಸಿಯಂ-40 ಸೊನ್ನೆಯಲ್ಲಿಲ್ಲ, 0.2ರಲ್ಲಿದೆ. ಲೆಕ್ಕದ ಪ್ರಕಾರ ಅದು ಎರಡು ಎಲೆಕ್ಟ್ರಾನ್ ಒಟ್ಟಿಗೆ ಸೆಳೆದುಕೊಂಡು ದಿಬ್ಬ ಹತ್ತದೆಯೇ ಆರ್ಗಾನ್ ಆಗಬಹುದು. ಹಾಗೆ ಆದದ್ದನ್ನು ಇದುವರೆಗೆ ಯಾರೂ ಕಂಡಿಲ್ಲ. ಬಿಸ್ಮತ್-209 ಕೂಡ ಸ್ಥಿರ ಅಂತಲೇ ಪುಸ್ತಕಗಳಲ್ಲಿ ಇತ್ತು. 2003ರಲ್ಲಿ ಫ್ರಾನ್ಸಿನಲ್ಲಿ ಅದರ ಆಲ್ಫಾ ಕ್ಷಯ (ಹೀಲಿಯಂ ನ್ಯೂಕ್ಲಿಯಸ್ ಹೊರಬೀಳುವ ಕ್ಷಯ) ಸಿಕ್ಕಿತು, ಅರ್ಧಾಯು ವಿಶ್ವದ ವಯಸ್ಸಿನ ನೂರು ಕೋಟಿ ಪಟ್ಟಿಗಿಂತ ಜಾಸ್ತಿ.

ಪಾಠ ಮುಗಿಯುವಾಗ ಒಂದು ಮನೆಗೆಲಸ ಕೊಟ್ಟಿದ್ದೆ. ಆವರ್ತ ಕೋಷ್ಟಕದ 43ನೆಯ ಮನೆ, ಟೆಕ್ನೀಷಿಯಂ. ಸುತ್ತಲಿನ ಧಾತುಗಳಿಗೆಲ್ಲ ಸ್ಥಿರ ರೂಪ ಇದೆ, ಇದಕ್ಕೆ ಒಂದೂ ಇಲ್ಲ. 1937ರಲ್ಲಿ ಪೆರಿಯೆ ಮತ್ತು ಸೆಗ್ರೆ ಇದನ್ನು ಕಂಡುಹಿಡಿದದ್ದೂ ಸೈಕ್ಲೋಟ್ರಾನ್ ಅನ್ನುವ ಕಣವೇಗವರ್ಧಕದಲ್ಲಿ ಬಳಸಿದ್ದ ಮಾಲಿಬ್ಡಿನಂ ತಗಡಿನಲ್ಲಿ. ಯಾಕೆ ಹೀಗೆ ಅಂತ ನೋಡಿಕೊಂಡು ಬನ್ನಿ ಅಂದಿದ್ದೆ.

ಬಾಳೆಹಣ್ಣಿನ ಪ್ರಶ್ನೆ ಕೇಳಿದ ಹುಡುಗಿ ಸೋಮವಾರ ಒಂದು ಉದ್ದ ಪಟ್ಟಿ ಬರೆದು ತಂದಳು. ಎಡಕ್ಕೆ 42, ಮಾಲಿಬ್ಡಿನಂ. ಬಲಕ್ಕೆ 44, ರುಥೇನಿಯಂ. ನಡುವೆ 94ರಿಂದ 102ರವರೆಗೆ ಕಣಸಂಖ್ಯೆ. ಪ್ರತಿ ಸಾಲಿನಲ್ಲೂ ಎಡಕ್ಕೋ ಬಲಕ್ಕೋ ಒಂದು ಗುರುತು, ಕೆಲವು ಸಾಲಿನಲ್ಲಿ ಎರಡೂ ಕಡೆ.

"ಒಂದು ಸಾಲೂ ಖಾಲಿ ಇಲ್ಲ ಮೇಡಂ. ಎಲ್ಲಿ ಕೂತರೂ ಪಕ್ಕದಲ್ಲಿ ಇದಕ್ಕಿಂತ ಕೆಳಗೆ ಯಾರೋ ಇದ್ದೇ ಇದ್ದಾರೆ."

97ರ ಸಾಲಿನ ಮುಂದೆ ಮಾಲಿಬ್ಡಿನಂ ಮತ್ತು ಟೆಕ್ನೀಷಿಯಂನ ದ್ರವ್ಯರಾಶಿ ಬರೆದು ವ್ಯತ್ಯಾಸ ತೆಗೆದಿದ್ದಳು. 0.32 ಮೆಗಾ ಎಲೆಕ್ಟ್ರಾನ್ ವೋಲ್ಟ್. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಸಣ್ಣದಾಗಿ: "ಇಷ್ಟರಲ್ಲೇ ತಪ್ಪಿಹೋಯಿತು."